ತಲೆಕೆಳಗಾಗಿ ನಿಂತ ಮಂತ್ರಿ

ಕಳೆದ ಆಟಿ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಜೋರು ಮಳೆ. ಉಡುಪಿ ಕುಂಜಿಬೆಟ್ಟಿನ ನಮ್ಮ ಮನೆ ಚಾವಡಿಯಲ್ಲಿ ತಂಗಿಯ ಮಗನ ಮುಂದೆ ಒಂದು ಚೆಸ್ ಸಮಸ್ಯೆಯ ಹಾಳೆ ಇಟ್ಟೆ. ಅದರಲ್ಲಿ ಮಂತ್ರಿ ತಲೆಕೆಳಗಾಗಿ ನಿಂತಿತ್ತು. "ಮಾಮ, ಪ್ರಿಂಟ್ ತಪ್ಪಾಗಿದೆ" ಅಂದ. ತಪ್ಪಲ್ಲ ಮಾರಾಯ, ಅದು ಮಿಡತೆ ಅಂದೆ.

ಮಿಡತೆ, ಅಂದರೆ ಗ್ರಾಸ್‌ಹಾಪರ್. ಮಂತ್ರಿ ಓಡುವ ಎಂಟು ದಿಕ್ಕಿನಲ್ಲೇ ಇದೂ ಹೋಗುತ್ತದೆ. ಆದರೆ ದಾರಿಯಲ್ಲಿ ಒಂದು ಕಾಯಿ ಇರಲೇಬೇಕು, ನಮ್ಮದೋ ಎದುರಾಳಿಯದೋ. ಅದನ್ನು ಹಾರಿ, ಅದರ ಆಚೆಗಿನ ಮನೆಯಲ್ಲೇ ಇಳಿಯಬೇಕು. ಹಾರಲು ಏನೂ ಸಿಗದಿದ್ದರೆ ಕೂತಲ್ಲೇ ಕೂರಬೇಕು.

ಕೇಳಲು ಮಕ್ಕಳಾಟದ ಹಾಗಿದೆ, ಅಲ್ವಾ? ಮಣೆಯ ಮೇಲೆ ಇಟ್ಟು ನೋಡಿ. ಬಿಳಿ ಮಿಡತೆ ಇ1ರಲ್ಲಿ (ಎಡದಿಂದ ಐದನೇ ನೀಟ ಸಾಲಿನ, ಕೆಳಗಿನಿಂದ ಮೊದಲ ಮನೆ), ಕಪ್ಪು ಕಾಲಾಳು ಇ7ರಲ್ಲಿ, ಅದರ ಹಿಂದೆ ಇ8ರಲ್ಲಿ ಕಪ್ಪು ರಾಜ. ನಡುವೆ ಎಲ್ಲ ಖಾಲಿ. ರಾಜನಿಗೆ ಚೆಕ್! ಮಿಡತೆಗೆ ಮೆಟ್ಟಿಲಾದದ್ದು ರಾಜನ ಸ್ವಂತ ಕಾಲಾಳು. ಹುಡುಗ ತುಂಬಾ ಹೊತ್ತು ನೋಡಿದ. ಆಮೇಲೆ ಆ ಕಾಲಾಳನ್ನು ಮೆಲ್ಲ ಇ6ಕ್ಕೆ ತಳ್ಳಿದ. ಈಗ ಮಿಡತೆ ಇಳಿಯುವುದು ಇ7ರಲ್ಲಿ, ರಾಜನ ಮೇಲಲ್ಲ. ಆನೆ ಚೆಕ್ ಕೊಟ್ಟರೆ ನಾವು ಅಡ್ಡ ಬಂದು ತಪ್ಪಿಸುತ್ತೇವೆ. ಇಲ್ಲಿ ಅಡ್ಡ ಇದ್ದವನು ಒಂದು ಹೆಜ್ಜೆ ಮುಂದೆ ಹೋದರೆ ಸಾಕು. ಈ ಒಂದು ತಿರುವಿಗಾಗಿಯೇ ನನಗೆ ಮಿಡತೆ ಅಂದರೆ ಪ್ರಾಣ.

ಈ ಕಾಯಿಯನ್ನು 1913ರಲ್ಲಿ ಹುಟ್ಟಿಸಿದವರು ಇಂಗ್ಲೆಂಡಿನ ಟಿ. ಆರ್. ಡಾಸನ್. ಅವರ ಉದ್ಯೋಗ ರಬ್ಬರ್ ಉದ್ಯಮದಲ್ಲಿ, ಮನಸ್ಸು ಮಾತ್ರ ಮಣೆಯ ಮೇಲೆ. 1925ರಲ್ಲಿ ಅವರು ರಾತ್ರಿ ಸವಾರನನ್ನು ತಂದರು. ಇದು ಕುದುರೆಯೇ, ಆದರೆ ಒಂದು ಜಿಗಿತಕ್ಕೆ ನಿಲ್ಲುವುದಿಲ್ಲ. ಎ1ರಿಂದ ಬಿ3, ಸಿ5, ಡಿ7, ಹೀಗೆ ಒಂದೇ ದಿಕ್ಕಿನಲ್ಲಿ ಹಾರುತ್ತಾ ಹೋಗಬಹುದು. ಹೊಸ ಬಗೆಯ ಸಮಸ್ಯೆಗಳಿಗೇ ಮೀಸಲಾದ ಪತ್ರಿಕೆಯನ್ನು ಡಾಸನ್ 1951ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಹೀಗೆ ಕಾಯಿ, ನಿಯಮ ಬದಲಿಸಿದ ಚೆಸ್ಸಿಗೆ ಇರುವ 'ಫೇರಿ ಚೆಸ್' ಎಂಬ ಹೆಸರು ಅವರದ್ದಲ್ಲ. 1914ರಲ್ಲಿ ಆಸ್ಟ್ರೇಲಿಯಾದ ಹೆನ್ರಿ ಟೇಟ್ ಅದನ್ನು ಬಳಕೆಗೆ ತಂದರು.

ನಿಯಮ ಬದಲಿಸುವ ಆಸೆ ಅದಕ್ಕಿಂತ ಹಳೆಯದು. 1854ರಲ್ಲೇ ಜರ್ಮನಿಯ ಮ್ಯಾಕ್ಸ್ ಲಾಂಗೆ ಹೆಲ್ಪ್‌ಮೇಟ್ ಎಂಬ ವಿಚಾರ ಮುಂದಿಟ್ಟಿದ್ದರು. ಅದರಲ್ಲಿ ಕಪ್ಪು ಮತ್ತು ಬಿಳಿ ಎರಡೂ ಸೇರಿ ಕಪ್ಪು ರಾಜನನ್ನು ಮೇಟ್ ಮಾಡಬೇಕು. ಜಗಳ ಇಲ್ಲ, ಆದರೂ ದಾರಿ ಹುಡುಕುವುದು ಸುಲಭವಲ್ಲ.

"ಇದೆಲ್ಲ ನಿಜವಾದ ಚೆಸ್ ಅಲ್ಲ" ಅನ್ನುವವರು ಜಾಸ್ತಿ. ಯಾವುದು ನಿಜವಾದದ್ದು? ನಮ್ಮ ಅಜ್ಜ ಆಡುತ್ತಿದ್ದ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿತ್ತು. ರಾಜನಿಗೆ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಹಾರುವ ಹಕ್ಕಿತ್ತು. ಅಷ್ಟೇ ಏಕೆ, ಹಿಂದಿನ ಮಂತ್ರಿ ಮೂಲೆಗೆ ಒಂದೇ ಮನೆ ನಡೆಯುವ ಬಡಪಾಯಿ. ಅದು ಮಣೆ ತುಂಬಾ ಓಡಲು ಶುರು ಮಾಡಿದ್ದು 15ನೇ ಶತಮಾನದ ಕೊನೆಗೆ, ಯುರೋಪಿನಲ್ಲಿ. ಇಂದಿನ ಮಂತ್ರಿಯೂ ಒಂದು ಕಾಲದ ಹೊಸ ಕಾಯಿ.

ಆಟ ಬಿಟ್ಟು ಮಣೆಯನ್ನೇ ಒಗಟು ಮಾಡುವುದೂ ನಮಗೆ ಗೊತ್ತಿತ್ತು. ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಸುತ್ತಿಸುವ ಕ್ರಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿದೆ, 12ನೇ ಶತಮಾನದ್ದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ ಇಂಥ ಕುದುರೆ ಸುತ್ತುಗಳನ್ನು ಕಟ್ಟಿದ್ದರು. ತುಳುನಾಡಿನ ಚೆನ್ನೆಮಣೆ, ಅಂದರೆ ಅಳಗುಳಿ ಮಣೆ ನೋಡಿ. ಗುಳಿ ಅದೇ 14, ನಿಯಮ ಬದಲಾದರೆ ಆಟವೇ ಬೇರೆ. ಒಬ್ಬರೇ ಕೂತು ಆಡುವ ಸೀತೆ ಆಟವೂ ಅದರಲ್ಲಿದೆ.

1968ರಲ್ಲಿ ಫ್ರಾನ್ಸಿನಿಂದ ಚೆಸ್ಸಿಗೆ ಸರ್ಸಿ ಎಂಬ ಹೊಸ ನಿಯಮ ಬಂತು. ಅದರಲ್ಲಿ ಕಡಿದ ಕಾಯಿ ಸಾಯುವುದಿಲ್ಲ. ಆಟದ ಶುರುವಿನಲ್ಲಿ ತಾನು ನಿಲ್ಲುವ ಮನೆ ಖಾಲಿ ಇದ್ದರೆ ಅಲ್ಲಿಗೆ ಮರಳುತ್ತದೆ. ಈಗ ಪೊಪಾಯ್ ಎಂಬ ಉಚಿತ ಸಾಫ್ಟ್‌ವೇರ್ ಇಂಥ ನೂರಾರು ನಿಯಮ ಬಲ್ಲದು. ಸಮಸ್ಯೆಗೆ ಎರಡನೇ ಉತ್ತರ ಇದೆಯೋ ಎಂದು ಅದು ಪರೀಕ್ಷಿಸಿ ಹೇಳುತ್ತದೆ. ನಿಯಮ ಯೋಚಿಸುವುದು, ಅದಕ್ಕೊಂದು ಚಂದದ ಸ್ಥಿತಿ ಹುಡುಕುವುದು ಇಂದಿಗೂ ಮನುಷ್ಯರ ಕೆಲಸ.

ಆ ಸಂಜೆ ನಾವು ಸರ್ಸಿಯನ್ನು ಅಜ್ಜನ ನಿಯಮ ಸೇರಿಸಿ ಆಡಿದೆವು. ಹುಡುಗ ನನ್ನ ಆನೆಯನ್ನು ಮೂರು ಸಲ ಕಡಿದ. ಮೂರು ಸಲವೂ ಅದು ಮೂಲೆಗೆ ಬಂದು ಕೂತಿತು. ನಾಲ್ಕನೇ ಸಲ ಕಡಿಯುವ ಮೊದಲು ಅವನು ತನ್ನ ಕುದುರೆಯನ್ನು ತಂದು ಆ ಮೂಲೆಯಲ್ಲಿ ಇಟ್ಟ.