ಹುಡುಗರಿಗೆ ಮರುಕ ಕಡಿಮೆಯಾ? ಪ್ರಶ್ನೆ ಕೇಳುವ ರೀತಿಯಲ್ಲೇ ಇದೆ ಅರ್ಧ ಉತ್ತರ

ಕಷ್ಟದಲ್ಲಿರುವವರನ್ನು ಕಂಡರೆ ನಿಮ್ಮ ಮನಸ್ಸು ಕರಗುತ್ತದಾ? ಕಾಲೇಜು ಹುಡುಗ ಹುಡುಗಿಯರಿಗೆ ಹೀಗೆ ಕೇಳಿ ಅಂಕ ಹಾಕಿದರೆ ಹುಡುಗಿಯರೇ ಮುಂದೆ ಇರುತ್ತಾರೆ. ದಶಕಗಳಿಂದ ಬರುತ್ತಿರುವ ಫಲಿತಾಂಶವೇ ಇದು. ತಕರಾರು ಇರುವುದು ಆ ಅಂಕವನ್ನು ಹೇಗೆ ಓದಬೇಕು ಅನ್ನುವುದರಲ್ಲಿ.

1977ರಲ್ಲಿ ಅಮೆರಿಕದ ಮನೋವಿಜ್ಞಾನಿ ಮಾರ್ಟಿನ್ ಹಾಫ್‌ಮನ್ ಅಲ್ಲಿಯವರೆಗಿನ ಅಧ್ಯಯನಗಳನ್ನು ನೋಡಿ, ಇನ್ನೊಬ್ಬರ ನೋವಿಗೆ ಮಿಡಿಯುವ ಗುಣ ಹೆಣ್ಣಿನಲ್ಲಿ ಹೆಚ್ಚು ಎಂದರು. 1980ರಲ್ಲಿ ಮಾರ್ಕ್ ಡೇವಿಸ್ ಈ ಗುಣವನ್ನು ಅಳೆಯಲು 28 ಹೇಳಿಕೆಗಳ ಪ್ರಶ್ನಾವಳಿ ರೂಪಿಸಿದರು. ಇವತ್ತಿಗೂ ಸಂಶೋಧಕರ ಕೈಯಲ್ಲಿ ಜಾಸ್ತಿ ಓಡಾಡುವುದು ಅದೇ. ಅಲ್ಲೂ ಹುಡುಗಿಯರದ್ದೇ ಮೇಲುಗೈ.

1983ರಲ್ಲಿ ನ್ಯಾನ್ಸಿ ಐಸೆನ್‌ಬರ್ಗ್ ಮತ್ತು ರ‍್ಯಾಂಡಿ ಲೆನನ್ ಒಂದು ಚುರುಕಾದ ಕೆಲಸ ಮಾಡಿದರು. ಅಧ್ಯಯನಗಳನ್ನೆಲ್ಲ ಒಟ್ಟು ಹಾಕುವ ಬದಲು, ಯಾವುದರಲ್ಲಿ ಹೇಗೆ ಅಳೆದಿದ್ದಾರೆ ಎಂದು ವಿಂಗಡಿಸಿದರು. 'ನಿಮ್ಮ ಬಗ್ಗೆ ನೀವೇ ಹೇಳಿ' ಅಂದ ಕಡೆ ಗಂಡು ಹೆಣ್ಣಿನ ಅಂತರ ದೊಡ್ಡದಿತ್ತು. ಎದೆಬಡಿತದಂಥ ದೇಹದ ಪ್ರತಿಕ್ರಿಯೆ ನೋಡಿದ ಕಡೆ, ಯಾರಿಗೂ ಗೊತ್ತಾಗದಂತೆ ಮುಖಭಾವ ಗಮನಿಸಿದ ಕಡೆ ಅಂತರ ಕಾಣಲೇ ಇಲ್ಲ. ತನ್ನನ್ನು ಏನಕ್ಕಾಗಿ ಅಳೆಯುತ್ತಿದ್ದಾರೆ ಎಂದು ಗೊತ್ತಿದ್ದಷ್ಟೂ ವ್ಯತ್ಯಾಸ ಹಿಗ್ಗುತ್ತಿತ್ತು. ಇಡೀ ಚರ್ಚೆಯ ತಿರುವು ಇಲ್ಲೇ ಇದೆ ಎಂದು ನನಗನಿಸುತ್ತದೆ.

ಮುಂದಿನದ್ದು ಇನ್ನೂ ಮಜಾ ಇದೆ. 2001ರಲ್ಲಿ ಕ್ರಿಸ್ಟಿ ಕ್ಲೈನ್ ಮತ್ತು ಸಾರಾ ಹಾಜಸ್ ಒಂದು ಪ್ರಯೋಗ ಪ್ರಕಟಿಸಿದರು. ಓದಿನಲ್ಲಿ ನಿರಾಶೆ ಅನುಭವಿಸಿದ ಯುವತಿಯೊಬ್ಬಳ ವಿಡಿಯೊ ತೋರಿಸಿ, ಆಯಾ ಕ್ಷಣದಲ್ಲಿ ಅವಳ ಮನಸ್ಸಿನಲ್ಲಿ ಏನಿತ್ತು ಎಂದು ವಿದ್ಯಾರ್ಥಿಗಳು ಊಹಿಸಬೇಕು. ಅವಳೇ ಹೇಳಿದ ಉತ್ತರದ ಜೊತೆ ತಾಳೆ ನೋಡಿ ಅಂಕ. ಮೊದಲು 'ಅವಳ ಮೇಲೆ ನಿಮಗೆಷ್ಟು ಮರುಕ ಹುಟ್ಟಿತು' ಎಂದು ಕೇಳಿ ಆಮೇಲೆ ಊಹಿಸಲು ಹೇಳಿದಾಗ ಹುಡುಗಿಯರು ಗೆದ್ದರು. ಸರಿಯಾಗಿ ಊಹಿಸಿದ್ದಕ್ಕೆ ದುಡ್ಡು ಕೊಡುತ್ತೇವೆ ಅಂದಾಗ? ಇಬ್ಬರೂ ಚೆನ್ನಾಗಿ ಮಾಡಿದರು, ಅಂತರ ಮಾಯ. ಅಂದರೆ ಹುಡುಗರಿಗೆ ಬರುವುದಿಲ್ಲ ಅಂತಲ್ಲ, ತಲೆ ಕೆಡಿಸಿಕೊಂಡಿರಲಿಲ್ಲ ಅಷ್ಟೇ!

ಹಾಗಂತ ಎಲ್ಲವೂ ಬರೀ ತೋರಿಕೆ ಎಂದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಹೆಣ್ಣಿನ ಮಿದುಳು ಸಾಮಾನ್ಯವಾಗಿ ಭಾವನೆ ಗ್ರಹಿಸುವುದಕ್ಕೆ ಒಗ್ಗಿದ್ದು ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಸೈಮನ್ ಬ್ಯಾರನ್-ಕೋಹೆನ್ ವಾದಿಸುತ್ತ ಬಂದಿದ್ದಾರೆ. ಬರೀ ಕಣ್ಣಿನ ಫೋಟೊ ನೋಡಿ ಭಾವ ಗುರುತಿಸುವ ಅವರ ಪರೀಕ್ಷೆಯನ್ನು 57 ದೇಶಗಳ 3 ಲಕ್ಷಕ್ಕೂ ಹೆಚ್ಚು ಜನ ತೆಗೆದುಕೊಂಡರು. 2022ರ ಕೊನೆಗೆ ಬಂದ ವರದಿ ಪ್ರಕಾರ 36 ದೇಶಗಳಲ್ಲಿ ಹೆಂಗಸರು ಮುಂದೆ, 21ರಲ್ಲಿ ಹೆಚ್ಚು ಕಡಿಮೆ ಸಮ. ಗಂಡಸರು ಮುಂದಿದ್ದ ದೇಶ ಒಂದೂ ಇಲ್ಲ. ಆದರೆ ಭಾವ ಗುರುತಿಸುವುದು ಬೇರೆ, ಅದಕ್ಕೆ ಮಿಡಿಯುವುದು ಬೇರೆ ಅಲ್ವಾ? ಚೆನ್ನಾಗಿ ಮೋಸ ಮಾಡುವವನಿಗೂ ಎದುರಿನವರ ಮುಖ ಓದಲು ಬರುತ್ತದೆ. ಇನ್ನು, ಇದೇ ಕೇಂಬ್ರಿಜ್ ತಂಡದವರು ಸೇರಿ 2018ರಲ್ಲಿ 46 ಸಾವಿರಕ್ಕೂ ಹೆಚ್ಚು ಜನರ ವಂಶವಾಹಿ ಪರಿಶೀಲಿಸಿದರು. ಇನ್ನೊಬ್ಬರ ಭಾವ ಅರಿತು ಮಿಡಿಯುವ ಗುಣದಲ್ಲಿ ಜನರ ನಡುವಿನ ವ್ಯತ್ಯಾಸಕ್ಕೆ ವಂಶವಾಹಿಯ ಪಾಲು ಶೇ 10ರಷ್ಟು. ಗಂಡು ಹೆಣ್ಣಿನ ಅಂತರಕ್ಕೆ ಅಲ್ಲೂ ಕಾರಣ ಸಿಗಲಿಲ್ಲ. ಉಳಿದದ್ದು ಹಾರ್ಮೋನಾ, ಬೆಳೆಸಿದ ರೀತಿಯಾ ಎಂಬ ಚರ್ಚೆ ಮುಂದುವರಿದಿದೆ.

ಹರೆಯದ ಬಗ್ಗೆ ಸುಳಿವು ಸಿಕ್ಕಿದ್ದು ನೆದರ್ಲೆಂಡ್ಸ್‌ನಲ್ಲಿ. 13ರಿಂದ 18 ವರ್ಷದವರೆಗೆ ಅದೇ ಮಕ್ಕಳನ್ನು ಹಿಂಬಾಲಿಸಿ ನಡೆಸಿದ ಅಧ್ಯಯನ 2014ರಲ್ಲಿ ಹೊರಬಂತು. ಹುಡುಗಿಯರ ಮರುಕ ಇದ್ದ ಹಾಗೇ ಇತ್ತು. ಹುಡುಗರದ್ದು ಹರೆಯದ ನಡುವೆ ಇಳಿದು, ಆಮೇಲೆ ಮೊದಲಿನ ಮಟ್ಟಕ್ಕೆ ಮರಳಿತು. ದೇಹ ಬೇಗ ಬಲಿತ ಹುಡುಗರಲ್ಲಿ ಅಂಕ ಇನ್ನೂ ಕಡಿಮೆ. ಹಾರ್ಮೋನು ಎಂದು ಒಬ್ಬರು ಹೇಳಬಹುದು. ಮೀಸೆ ಚಿಗುರಿದ ಮೇಲೆ ಗಂಡಸಿನ ಹಾಗೆ ಇರಬೇಕೆಂಬ ಒತ್ತಡ ಎಂದು ಇನ್ನೊಬ್ಬರು ಹೇಳಬಹುದು. ಮರೆಯಬಾರದ ವಿಷಯವೆಂದರೆ, ಇದೂ ಹುಡುಗರು ತಮ್ಮ ಬಗ್ಗೆ ತಾವೇ ತುಂಬಿದ ಪ್ರಶ್ನಾವಳಿ. ಆ ವಯಸ್ಸಿನಲ್ಲಿ ಇಳಿದದ್ದು ಮರುಕವೋ, ಅದನ್ನು ಒಪ್ಪಿಕೊಳ್ಳುವ ಧೈರ್ಯವೋ ಎಂದು ಅದರಿಂದ ಹೇಳಲಾಗದು.