ಗಟ್ಟಿ ಪೆಡಲ್ ಅಂದರೆ ಒಳ್ಳೆಯ ಬ್ರೇಕ್ ಅಲ್ಲ

ಬ್ರೇಕ್ ಬೂಸ್ಟರ್ ಕಳಚಿ ಅದರ ಜಾಗಕ್ಕೆ ಒಂದಿಂಚಿನ ಮಾಸ್ಟರ್ ಸಿಲಿಂಡರ್ ಕೂರಿಸಿಕೊಡಿ ಎಂದು ಕೇಳಿಕೊಂಡು ನನ್ನ ವರ್ಕ್‌ಶಾಪಿಗೆ ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಬೂಸ್ಟರ್ ಅಂದರೆ ಎಂಜಿನ್ ಗಾಳಿ ಹೀರುವ ಸೆಳೆತದಿಂದ (ವ್ಯಾಕ್ಯೂಮ್) ಕಾಲಿನ ತುಳಿತಕ್ಕೆ ಬಲ ಸೇರಿಸುವ ಡಬ್ಬಿ. ಮಾಸ್ಟರ್ ಸಿಲಿಂಡರ್ ಅಂದರೆ ಆ ತುಳಿತವನ್ನು ಬ್ರೇಕ್ ಆಯಿಲಿನ ಒತ್ತಡವಾಗಿಸಿ ಪೈಪಿನಲ್ಲಿ ಚಕ್ರಗಳಿಗೆ ಕಳಿಸುವುದು. ನಮ್ಮ ಕಾಸರಗೋಡಿನ ಉಪ್ಪಳ, ಕುಂಬಳೆ, ಪೆರ್ಲ, ಬದಿಯಡ್ಕ ಕಡೆಯ ಹುಡುಗರು. ಕೆಲವರು ಗಲ್ಫಿನಿಂದ ರಜೆಗೆ ಬಂದವರು. ಕೈಯಲ್ಲಿ ಹಳೆಯ ಎಸ್ಟೀಮೋ ಝೆನ್ನೋ ಇರುತ್ತದೆ, ತಲೆಯಲ್ಲಿ ನೇರ ರಸ್ತೆಯಲ್ಲಿ ಕಾಲು ಮೈಲಿ ಓಡುವ ಡ್ರ್ಯಾಗ್ ರೇಸಿನ ಆ 402 ಮೀಟರ್. ಅದೇ ಕಾರಿನಲ್ಲಿ ಮರುದಿನ ಮನೆಯವರನ್ನು ಕೂರಿಸಿಕೊಂಡು ಮಧೂರು ದೇವಸ್ಥಾನಕ್ಕೂ ಹೋಗಬೇಕು. ಈ ಎರಡನೆಯ ಉಪಯೋಗ ಇರುವುದರಿಂದಲೇ ನಾನು ಇಷ್ಟು ಉದ್ದಕ್ಕೆ ಬರೆಯುತ್ತಿರುವುದು.

ಬೂಸ್ಟರ್ ತೆಗೆಯುವುದಕ್ಕೆ ನ್ಯಾಯವಾದ ಕಾರಣಗಳಿವೆ. ಎಂಜಿನ್ನಿಗೆ ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಜೋರಿನ ಕ್ಯಾಮ್‌ಶಾಫ್ಟ್ ಹಾಕಿದರೆ ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ಬೀಳುತ್ತದೆ, ಬೂಸ್ಟರ್ ಅರೆಹೊಟ್ಟೆಯಲ್ಲಿ ಕೆಲಸ ಮಾಡುತ್ತದೆ, ಬ್ರೇಕ್ ಒಮ್ಮೆ ಮೆತ್ತಗೆ ಒಮ್ಮೆ ಗಟ್ಟಿ. ಅಂಥ ಕಾರಿಗೆ ಬೂಸ್ಟರ್ ಇಲ್ಲದ ಮ್ಯಾನುವಲ್ ಬ್ರೇಕೇ ವಾಸಿ, ಇಲ್ಲವಾದರೆ ಬೇರೆ ವ್ಯಾಕ್ಯೂಮ್ ಪಂಪ್ ಕೂರಿಸಬೇಕು. ಟರ್ಬೊ ಪೈಪಿಗೆ ಜಾಗ ಸಾಲದೆ ತೆಗೆಯುವವರೂ ಇದ್ದಾರೆ, ಒಪ್ಪೋಣ. ತೂಕ ಇಳಿಸಲಿಕ್ಕೆ ಎಂದು ಬರುವವರಿಗೆ ಮಾತ್ರ ನಾನು ಹೇಳುವುದು ಇಷ್ಟೇ: ಸಣ್ಣ ಕಾರಿನ ಬೂಸ್ಟರ್ ಕೆಲವೇ ಕಿಲೋ. ಸ್ಟೆಪ್ನಿ, ಜಾಕಿ, ಹಿಂದಿನ ಸೀಟು ಇಳಿಸಿದರೆ ಅದಕ್ಕಿಂತ ಎಷ್ಟೋ ಹೆಚ್ಚು ಇಳಿಯುತ್ತದೆ, ಸಂಜೆಗೆ ಮತ್ತೆ ಏರಿಸಲಿಕ್ಕೂ ಬರುತ್ತದೆ.

ಈಗ ಆ ಒಂದಿಂಚಿನ ವಿಷಯ. ಸಿಲಿಂಡರ್ ದೊಡ್ಡದಾದಷ್ಟು ಬ್ರೇಕ್ ಜೋರು ಎಂಬುದು ಇವರ ನಂಬಿಕೆ. ನಡೆಯುವುದು ತದ್ವಿರುದ್ಧ. ತುಳಿತ ಅಷ್ಟೇ ಇದ್ದಾಗ ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, ದೊಡ್ಡದಾದಷ್ಟೂ ಪೈಪಿನೊಳಗಿನ ಒತ್ತಡ ಕಡಿಮೆಯಾಗುತ್ತದೆ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲವಾದ್ದರಿಂದ ಮೇಜಿನ ಡ್ರಾಯರಿನಲ್ಲಿ ಎರಡು ಸಿರಿಂಜ್ ಇಟ್ಟುಕೊಂಡಿದ್ದೇನೆ. ಒಂದು 2 ಎಂಎಲ್‌ನ ಸಣ್ಣದು, ಇನ್ನೊಂದು ದನಕ್ಕೆ ಮದ್ದು ಕೊಡುವ ದೊಡ್ಡದು. ನಡುವೆ ಒಂದು ಟ್ಯೂಬ್, ಒಳಗೆ ನೀರು. ಸಣ್ಣದನ್ನು ಹುಡುಗನ ಕೈಗೆ ಕೊಟ್ಟು, ದೊಡ್ಡದನ್ನು ನಾನು ಹಿಡಿದು, ಇಬ್ಬರೂ ಒತ್ತುವುದು. ನಾನು ಎಷ್ಟು ಬಲ ಹಾಕಿದರೂ ಅವನ ಹೆಬ್ಬೆರಳು ನನ್ನ ಕೈಯನ್ನು ಹಿಂದಕ್ಕೆ ದೂಡುತ್ತದೆ. ಆದರೆ ಅವನ ಸಿರಿಂಜ್ ಪೂರ್ತಿ ಖಾಲಿಯಾದಾಗ ನನ್ನದು ಒಂದಿಷ್ಟೇ ಸರಿದಿರುತ್ತದೆ. ಈ ಎರಡು ಮಾತು ಒಟ್ಟಿಗೆ ನೆನಪಿರಬೇಕು: ಸಣ್ಣ ಬೋರ್ ಒತ್ತಡ ಕೊಡುತ್ತದೆ, ಅದಕ್ಕೆ ಬೆಲೆಯಾಗಿ ಪೆಡಲಿನ ಓಟವನ್ನು ತೆಗೆದುಕೊಳ್ಳುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಕಾಲಿನ ತುಳಿತ 30 ಕಿಲೋ ಎಂದಿಟ್ಟುಕೊಳ್ಳಿ. ಬೂಸ್ಟರ್ ಇರುವ ಕಾರಿನಲ್ಲಿ ಪೆಡಲ್ ಅನುಪಾತ, ಅಂದರೆ ಪೆಡಲಿನ ಸನ್ನೆ ತುಳಿತವನ್ನು ಎಷ್ಟು ಪಟ್ಟು ಮಾಡುತ್ತದೆ ಎಂಬುದು, ಸಾಮಾನ್ಯವಾಗಿ ನಾಲ್ಕಕ್ಕೆ ಒಂದರ ಆಸುಪಾಸು. ಅಂದರೆ ಪೆಡಲಿನಿಂದ ಸಿಲಿಂಡರಿನ ಕಡೆಗೆ ತಳ್ಳುವ ಪುಶ್ ರಾಡಿಗೆ ಹೋಗುವುದು 120 ಕಿಲೋ. ಬೂಸ್ಟರಿನೊಳಗೆ ಇಪ್ಪತ್ತು ಸೆಂಟಿಮೀಟರ್ ಅಗಲದ ಡಯಾಫ್ರಾಮ್ (ರಬ್ಬರಿನ ಪರದೆ) ಇದ್ದರೆ, ಒಳ್ಳೆಯ ವ್ಯಾಕ್ಯೂಮಿನಲ್ಲಿ ಬೂಸ್ಟರ್ ತನ್ನ ಕಡೆಯಿಂದ ಇನ್ನೂ ಸುಮಾರು 200 ಕಿಲೋ ಸೇರಿಸಬಲ್ಲದು. ಒಟ್ಟು 320. ಒಂದಿಂಚಿನ ಬೋರಿನ ವಿಸ್ತೀರ್ಣ ಐದು ಚದರ ಸೆಂಟಿಮೀಟರಿಗೆ ತುಸು ಮೇಲೆ. ಭಾಗಿಸಿದರೆ ಚದರ ಸೆಂಟಿಮೀಟರಿಗೆ 63 ಕಿಲೋ ಒತ್ತಡ. ಇದರಲ್ಲಿ ಬೂಸ್ಟರ್ ಮಾತ್ರ ಕಿತ್ತು ಉಳಿದದ್ದನ್ನು ಹಾಗೇ ಬಿಟ್ಟರೆ ಉಳಿಯುವುದು 24 ಕಿಲೋ. ಮೂರರಲ್ಲಿ ಎರಡು ಪಾಲು ಹೋಯಿತು.

ಹೋದದ್ದನ್ನು ತರಬೇಕಾದರೆ ದಾರಿ ಎರಡೇ. ಪೆಡಲ್ ಅನುಪಾತವನ್ನು ಆರಕ್ಕೆ ಒಂದರ ಹತ್ತಿರ ತರಬೇಕು, ಮತ್ತು ಬೋರ್ ಸಣ್ಣದು ಮಾಡಬೇಕು. ಆರರ ಅನುಪಾತದಲ್ಲಿ ಮುಕ್ಕಾಲಿಂಚಿನ ಬೋರ್ ಹಾಕಿದರೆ ಅದೇ 30 ಕಿಲೋ ತುಳಿತಕ್ಕೆ ಹಳೆಯ 63 ಕಿಲೋ ಒತ್ತಡ ಮರಳಿ ಬರುತ್ತದೆ. ಆದರೆ ಪೆಡಲ್ ಮೊದಲಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಇಳಿಯಬೇಕಾಗುತ್ತದೆ, ಹೆಚ್ಚಿನ ಕಾರುಗಳಲ್ಲಿ ಅಷ್ಟು ಜಾಗವೇ ಇಲ್ಲ, ನೆಲಕ್ಕೆ ತಾಗುತ್ತದೆ. ಇಂಚಿನ ಎಂಟರಲ್ಲಿ ಏಳು ಭಾಗದ ಬೋರಾದರೆ ಒತ್ತಡ 46 ಕಿಲೋ, ಓಟ ಸುಮಾರು ಎರಡು ಪಟ್ಟು. 63ಕ್ಕೆ ಮುಟ್ಟಿಸಲು ಕಾಲು 41 ಕಿಲೋ ತುಳಿಯಬೇಕು. ಸಾಮಾನ್ಯವಾಗಿ ಈ ಹೊಂದಾಣಿಕೆಯ ಸುತ್ತಮುತ್ತಲೇ ಕೆಲಸ ನಿಲ್ಲುತ್ತದೆ. ಇದು ಉದಾಹರಣೆಯ ಲೆಕ್ಕ. ನಿಮ್ಮ ಕಾರಿನ ಕ್ಯಾಲಿಪರ್, ಡ್ರಮ್, ಪೆಡಲ್ ಅಳೆಯದೆ ಇದೇ ಅಂಕಿ ಹಿಡಿದುಕೊಂಡು ಸಾಮಾನು ಕೊಳ್ಳಬೇಡಿ.

ಹಾಗಾದರೆ ದೊಡ್ಡ ಬೋರ್ ಹಾಕಿಸಿಕೊಂಡವರು ಬ್ರೇಕ್ ಸೂಪರ್ ಆಗಿದೆ ಎಂದು ಯಾಕೆ ಹೇಳುತ್ತಾರೆ? ಅವರ ಪೆಡಲ್ ಮೇಲೆಯೇ ನಿಲ್ಲುತ್ತದೆ, ತುಳಿದರೆ ಇಳಿಯುವುದಿಲ್ಲ, ಗಟ್ಟಿಯಾಗಿರುತ್ತದೆ. ಆ ಗಟ್ಟಿತನವನ್ನೇ ಬ್ರೇಕ್ ಎಂದು ತಿಳಿಯುತ್ತಾರೆ. ಬೂಸ್ಟರ್ ಇರುವ ಕಾರನ್ನು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ನಾಲ್ಕೈದು ಸಲ ಪೆಡಲ್ ತುಳಿಯಿರಿ. ಉಳಿದಿದ್ದ ವ್ಯಾಕ್ಯೂಮ್ ಮುಗಿಯುತ್ತದೆ, ಪೆಡಲ್ ಎಷ್ಟು ಬೇಕೋ ಅಷ್ಟು ಗಟ್ಟಿ. ಆಮೇಲೆ ಇಬ್ಬರು ಗೆಳೆಯರಿಂದ ಕಾರು ದೂಡಿಸಿ ನಿಲ್ಲಿಸಿ ನೋಡಿ. ಆ ತುಳಿತದಲ್ಲಿ 402 ಮೀಟರಿನ ಕೊನೆಗೆ 120ರ ವೇಗದ ಕಾರನ್ನು ನಿಲ್ಲಿಸಬೇಕೆಂದು ಯೋಚಿಸಿ. ವೇಗ 60ರಿಂದ 120ಕ್ಕೆ ಏರಿದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು.

ಹಿರಿಯರು ಒಂದು ಪ್ರಶ್ನೆ ಕೇಳುತ್ತಾರೆ: "ಎಂತ ಮಾರಾಯಾ, ನಮ್ಮ ಫಿಯೇಟಿಗೆ ಬೂಸ್ಟರ್ ಎಲ್ಲಿತ್ತು? ನಿಲ್ಲುತ್ತಿರಲಿಲ್ಲವಾ?" ನಿಲ್ಲುತ್ತಿತ್ತು. ನಾಲ್ಕೂ ಚಕ್ರಕ್ಕೆ ಡ್ರಮ್. ಡ್ರಮ್ ತಿರುಗುವಾಗ ಮುಂದಿನ ಶೂವನ್ನು ತಾನೇ ಒಳಗೆಳೆದುಕೊಂಡು ಬಿಗಿ ಮಾಡಿಕೊಳ್ಳುತ್ತದೆ, ಕಾಲಿಗೆ ಅಷ್ಟು ಸಹಾಯ. ಡಿಸ್ಕಿಗೆ ಆ ಗುಣ ಇಲ್ಲ, ಪ್ಯಾಡನ್ನು ಒತ್ತಿದಷ್ಟೇ ಹಿಡಿತ. ಮೇಲಾಗಿ ಆ ಕಾರಿನ ಪೆಡಲನ್ನು ಬೂಸ್ಟರ್ ಇಲ್ಲವೆಂದು ತಿಳಿದೇ ಮಾಡಿದ್ದು. ವೇಗವೂ ಆಗಿನ ವೇಗ.

ಅನುಪಾತ ಬದಲಿಸುವ ಕೆಲಸದಲ್ಲಿ ಎರಡು ಜಾಗದಲ್ಲಿ ಜೀವಕ್ಕೆ ಅಪಾಯ ಇದೆ. ನೇತಾಡುವ ಪೆಡಲಿನಲ್ಲಿ ಪುಶ್ ರಾಡಿನ ಪಿನ್ನನ್ನು ಮೇಲಿನ ಕೀಲಿನ ಹತ್ತಿರಕ್ಕೆ ತಂದಷ್ಟು ಅನುಪಾತ ಏರುತ್ತದೆ. ಹಳೆಯ ಅಮೆರಿಕನ್ ಷೆವರ್ಲೆಗಳಲ್ಲಿ ಕಂಪನಿಯವರೇ ಪೆಡಲಿಗೆ ಎರಡು ತೂತು ಕೊಟ್ಟಿರುತ್ತಿದ್ದರು, ಮೇಲಿನದು ಮ್ಯಾನುವಲ್ಲಿಗೆ, ಕೆಳಗಿನದು ಪವರಿಗೆ. ನಮ್ಮ ಸಣ್ಣ ಕಾರುಗಳಲ್ಲಿ ತೂತು ನಾವೇ ಕೊರೆಯಬೇಕು. ಪಿನ್ ಮೇಲೆ ಹೋದರೆ ಸಿಲಿಂಡರೂ ಮೇಲೆ ಹೋಗಬೇಕು, ಇಲ್ಲವಾದರೆ ರಾಡ್ ಓರೆಯಾಗಿ ತಳ್ಳಿ ಪಿಸ್ಟನ್ನಿನ ಬದಿ ಸವೆಸುತ್ತದೆ. ಎರಡನೆಯದು ಇನ್ನೂ ಮುಖ್ಯ. ಬೂಸ್ಟರಿನ ಜೊತೆ ಬರುವ ಸಿಲಿಂಡರಿನ ಪಿಸ್ಟನ್ನಿನಲ್ಲಿ ರಾಡ್ ಕೂರುವ ಗುಂಡಿ ಆಳವಿರುವುದಿಲ್ಲ. ಮ್ಯಾನುವಲ್ ಕಾರಿನದ್ದರಲ್ಲಿ ಆಳ ಇರುತ್ತದೆ. ಆಳವಿಲ್ಲದ ಗುಂಡಿಗೆ ಸುಮ್ಮನೆ ರಾಡ್ ಆನಿಸಿ ಬಿಟ್ಟರೆ, ಪೆಡಲ್ ಹಿಂದಕ್ಕೆ ಬಂದಾಗ ಒಂದು ದಿನ ಅದು ಜಾರಿ ಬೀಳಬಹುದು. ಬಿದ್ದ ಮೇಲೆ ಬ್ರೇಕೇ ಇಲ್ಲ. ರಾಡಿಗೂ ಪಿಸ್ಟನ್ನಿಗೂ ನಡುವೆ ಒಂದು ಮಿಲಿಮೀಟರಿನಷ್ಟು ಸಡಿಲವನ್ನೂ ಬಿಡಬೇಕು. ಅದಿಲ್ಲದಿದ್ದರೆ ಆಯಿಲ್ ಹಿಂದಿರುಗುವ ರಂಧ್ರ ಮುಚ್ಚಿಯೇ ಇರುತ್ತದೆ, ಬಿಸಿಯಾದಂತೆ ಬ್ರೇಕ್ ತಾನಾಗಿ ಹಿಡಿಯತೊಡಗುತ್ತದೆ.

ಪೆರ್ಲ ಕಡೆಯ ಒಬ್ಬ ಹುಡುಗ ಬೇರೆಲ್ಲೋ ಬೂಸ್ಟರ್ ತೆಗೆಸಿ, ದೊಡ್ಡ ಸಿಲಿಂಡರ್ ಹಾಕಿಸಿ, ರಜೆ ಮುಗಿಸಿ ದುಬೈಗೆ ಹೋದ. ಕಾರು ತಂಗಿಯ ಕೈಗೆ ಬಂತು. ಮಳೆಗಾಲದ ಒಂದು ಬೆಳಿಗ್ಗೆ ಅವಳು ನನ್ನ ವರ್ಕ್‌ಶಾಪಿನ ಅಂಗಳಕ್ಕೆ ಕಾರು ತಂದು ನಿಲ್ಲಿಸಿ, ಕೆಳಗಿಳಿಯದೆ ಒಂದು ಗಳಿಗೆ ಸ್ಟಿಯರಿಂಗ್ ಹಿಡಿದೇ ಕೂತಿದ್ದಳು. ಬೇವಿಂಜೆಯ ಇಳಿಜಾರಿನಲ್ಲಿ ಎದುರಿನ ಬಸ್ಸು ನಿಂತಾಗ ಎರಡೂ ಕಾಲಿನಿಂದ ತುಳಿದೆ ಅಣ್ಣಾ ಎಂದಳು. ಕಾರು ನಿಂತಿತ್ತು, ಬಸ್ಸಿನಿಂದ ಒಂದು ಗೇಣು ದೂರದಲ್ಲಿ. ಪೆಡಲ್ ಅಳೆದು ನೋಡಿದೆ, ಅನುಪಾತ ಕಂಪನಿಯದ್ದೇ, ನಾಲ್ಕು. ದುಬೈಯಲ್ಲಿದ್ದ ಅವಳ ಅಣ್ಣನಿಗೆ ಫೋನ್ ಮಾಡಿದರೆ, "ನನಗೆ ನಿಲ್ಲುತ್ತಿತ್ತಲ್ಲ" ಎಂದ. ಜಿಮ್ಮಿಗೆ ಹೋಗುವ ಹುಡುಗ, ಅವನಿಗೆ ನಿಲ್ಲುತ್ತಿದ್ದದ್ದು ನಿಜವೇ. ತಂಗಿಯ ಕಾಲಿನ ಬಲವನ್ನು ಆ ಲೆಕ್ಕದಲ್ಲಿ ಯಾರೂ ಸೇರಿಸಿರಲಿಲ್ಲ. ಬೂಸ್ಟರನ್ನು ವಾಪಸ್ ಕೂರಿಸಿಯೇ ಕಾರು ಕೊಟ್ಟೆ.

ಸ್ಟಿಯರಿಂಗಿನ ವಿಷಯ ಇಷ್ಟು ಕಠಿಣವಲ್ಲ, ಆದರೆ ಅಲ್ಲೂ ಪವರ್ ಸ್ಟಿಯರಿಂಗ್ ಪಂಪಿನ ಬೆಲ್ಟ್ ಕಿತ್ತರೆ ಮ್ಯಾನುವಲ್ ಆಯಿತು ಎಂದುಕೊಳ್ಳುವವರಿದ್ದಾರೆ. ಪವರ್ ರ್‍ಯಾಕಿನೊಳಗೆ (ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳಿನ ಕೊಳವೆ) ಒಂದು ಪಿಸ್ಟನ್ ಇದೆ. ಪಂಪ್ ನಿಂತ ಮೇಲೆ ಆ ಪಿಸ್ಟನ್ನಿನಿಂದ ಆಯಿಲನ್ನು ಅತ್ತಿತ್ತ ದೂಡುವುದು ನಿಮ್ಮ ತೋಳು. ವಾಲ್ವಿನೊಳಗೆ ತಿರುಚಿಕೊಳ್ಳುವ ಒಂದು ತೆಳ್ಳಗಿನ ಸರಳಿದೆ. ಅದು ಪೂರ್ತಿ ತಿರುಚಿ ಆನುವ ತನಕ ಸ್ಟಿಯರಿಂಗ್ ಸಡಿಲ ಬಿದ್ದಂತೆ ಭಾಸವಾಗುತ್ತದೆ. ಹಲ್ಲುಗಳ ಲೆಕ್ಕವೂ ಪವರಿಗೆ ತಕ್ಕ ಹಾಗೆ ಚುರುಕಾಗಿರುತ್ತದೆ, ಕಡಿಮೆ ಸುತ್ತು, ಹೆಚ್ಚು ಭಾರ. ಅದೇ ಕಾರಿಗೆ ಪವರ್ ಇಲ್ಲದ ಬೇಸ್ ಮಾಡೆಲ್ ಬಂದಿದ್ದರೆ ಅದರ ರ್‍ಯಾಕನ್ನೇ ಹುಡುಕಿ ಹಾಕಿ. ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ಎಷ್ಟು ವಾಲಿದೆ ಎಂಬ ಕ್ಯಾಸ್ಟರ್ ಕೋನ ನೋಡಿಸಿ, ಅದು ಹೆಚ್ಚಿದಷ್ಟು ಕಾರು ನೇರ ಓಡುತ್ತದೆ, ತಿರುಗಿಸಲು ಭಾರವೂ ಹೆಚ್ಚು. ಮುಂದೆ ಅಗಲದ ಟಯರ್ ಹಾಕಿ ಆಮೇಲೆ ಸ್ಟಿಯರಿಂಗ್ ಭಾರ ಎಂದು ಬರಬೇಡಿ. ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್ ಇದ್ದರೆ ಮುಟ್ಟುವುದೇ ಬೇಡ. ನೇರ ಓಡುವಾಗ ಅದು ಎಂಜಿನ್ನಿನಿಂದ ತೆಗೆದುಕೊಳ್ಳುವುದು ತೀರಾ ಕಡಿಮೆ. ಫ್ಯೂಸ್ ಕಿತ್ತರೆ ಸತ್ತ ಮೋಟರನ್ನೂ ಸೇರಿಸಿ ತಿರುಗಿಸಬೇಕು.

ಎಬಿಎಸ್ (ಜೋರಾಗಿ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ನಾನು ಈ ಕೆಲಸಕ್ಕೆ ಕೈ ಹಾಕುವುದಿಲ್ಲ. 2019ರ ಎಪ್ರಿಲಿನಿಂದ ತಯಾರಾದ ಹೊಸ ಕಾರುಗಳೆಲ್ಲ ಎಬಿಎಸ್‌ನವೇ. ಮುಂದಿನ ಹಿಂದಿನ ಚಕ್ರಕ್ಕೆ ಎಷ್ಟೆಷ್ಟು ಒತ್ತಡ ಎಂಬುದನ್ನು ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಅದರ ಲೆಕ್ಕ ಕೆಡಿಸಿ ರಸ್ತೆಗೆ ಬಿಡುವ ಧೈರ್ಯ ನನಗಿಲ್ಲ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮಾರ್ಪಾಡಿಗೆ ಮಿತಿ ಹಾಕಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಲಮಿನ ಬಗ್ಗೆ ಕಟ್ಟುನಿಟ್ಟಾಗಿ ಹೇಳಿದ್ದು ನಮ್ಮ ಕೇರಳದ್ದೇ ಪ್ರಕರಣದಲ್ಲಿ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲಿಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ನಿಮ್ಮ ಕಾರಿಗೆ ಯಾವುದು ಸಲ್ಲುತ್ತದೆ ಎಂದು ಆರ್‌ಟಿಒ ಕಚೇರಿಯಲ್ಲಿ, ವಿಮೆಯವರಲ್ಲಿ ಮೊದಲೇ ಕೇಳಿ. ಟ್ರೈಲರಿನಲ್ಲಿ ಟ್ರ್ಯಾಕಿಗೆ ಹೋಗಿ ಟ್ರೈಲರಿನಲ್ಲೇ ಬರುವ ಕಾರಾದರೆ ಮಾತು ಬೇರೆ, ಅದನ್ನು ಸಂತೋಷದಿಂದ ಮಾಡಿಕೊಡುತ್ತೇನೆ.

ಇಷ್ಟಾಗಿಯೂ ರಸ್ತೆಯ ಕಾರಿಗೆ ಬೇಕೇ ಬೇಕು ಎನ್ನುವವರು ಬರುವ ಮೊದಲು ಮನೆಯಲ್ಲಿ ಒಂದು ಕೆಲಸ ಮಾಡಿ. ಮೈತೂಕ ನೋಡುವ ಯಂತ್ರವನ್ನು ಗೋಡೆಗೆ ಒರಗಿಸಿ, ಎದುರಿಗೆ ಕುರ್ಚಿ ಹಾಕಿ, ಕಾರಿನಲ್ಲಿ ಕೂತ ಹಾಗೆ ಕೂತು ಬಲಗಾಲಿನಿಂದ ಒತ್ತಿ. ಒಮ್ಮೆ ಜೋರಾಗಿ ಒತ್ತಿದ್ದು ಸಾಲದು, ಹತ್ತು ಸೆಕೆಂಡ್ ಹಿಡಿದಿಟ್ಟಾಗ ಎಷ್ಟು ಕಿಲೋ ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ಆ ಕಾರು ಓಡಿಸುವ ಅಮ್ಮ, ತಂಗಿ, ಹೆಂಡತಿ, ಎಲ್ಲರಿಂದಲೂ ಒತ್ತಿಸಿ. ಚೀಟಿಯಲ್ಲಿ ಎಲ್ಲಕ್ಕಿಂತ ಸಣ್ಣ ಅಂಕಿ ಯಾವುದೋ ಅದನ್ನು ಹಿಡಿದೇ ನಾನು ಬೋರ್ ಆರಿಸುವುದು. ಆ ಅಂಕಿಗೆ ಸಾಕಷ್ಟು ಒತ್ತಡವೂ ಪೆಡಲಿಗೆ ಬೇಕಾದ ಓಟವೂ ಒಟ್ಟಿಗೆ ಸಿಗದಿದ್ದರೆ ಬೂಸ್ಟರ್ ಅಲ್ಲೇ ಇರುತ್ತದೆ.