ಮನೆಯಲ್ಲಿ ಓಡಿದ ವಿಡಿಯೊ ಸಭೆಯಲ್ಲಿ ಯಾಕೆ ಓಡಲಿಲ್ಲ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಮಳೆಗಾಲಕ್ಕೆ ಮುಂಚೆ ಕೊಳೆರೋಗದ ಔಷಧಿ ಬಗ್ಗೆ ಊರಿನವರಿಗೆ ತಿಳಿಸೋಣ ಅಂತ ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಮಾಡಿದ್ದೆ. ಆ ರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣ ತಯಾರಿಸುವ ಮೂರು ವಿಡಿಯೊಗಳನ್ನೂ ಹಾಕಿದ್ದೆ. ಮನೆಯಲ್ಲಿ ಪೆನ್‌ಡ್ರೈವ್‌ನಿಂದಲೇ ತೆರೆದು ನೋಡಿದಾಗ ಚೆನ್ನಾಗಿ ಓಡಿದವು. ಸಮುದಾಯ ಭವನದ ಲ್ಯಾಪ್‌ಟಾಪಿನಲ್ಲಿ ಮಾತ್ರ ಕಪ್ಪು ಚೌಕ ಬಂತು, 'ಮೀಡಿಯಾ ನಾಟ್ ಫೌಂಡ್' ಅಂತ ತೋರಿಸಿತು. ಪೆನ್‌ಡ್ರೈವ್ ಕೆಟ್ಟಿದೆಯಾ?

ಉತ್ತರ: ಪೆನ್‌ಡ್ರೈವ್ ಸರಿಯಾಗಿಯೇ ಇದೆ. ವಿಡಿಯೊಗಳು ಅದರೊಳಗೆ ಬಂದೇ ಇರಲಿಲ್ಲ.

ಪವರ್‌ಪಾಯಿಂಟ್‌ನಲ್ಲಿ ವಿಡಿಯೊ ಹಾಕಲು ಎರಡು ದಾರಿಗಳಿವೆ. ಒಂದರಲ್ಲಿ ಇಡೀ ವಿಡಿಯೊ ಸ್ಲೈಡ್ ಫೈಲಿನ ಹೊಟ್ಟೆಯೊಳಗೇ ಸೇರಿಕೊಳ್ಳುತ್ತದೆ. ಇನ್ನೊಂದರಲ್ಲಿ ವಿಡಿಯೊ ಇದ್ದಲ್ಲೇ ಇರುತ್ತದೆ, ಅದರ ವಿಳಾಸ ಮಾತ್ರ ಸ್ಲೈಡಿನಲ್ಲಿ ದಾಖಲಾಗುತ್ತದೆ. ಸಿ ಡ್ರೈವ್, ಅದರಲ್ಲಿ ನಿಮ್ಮ ಹೆಸರಿನ ಫೋಲ್ಡರ್, ಅದರಲ್ಲಿ ಡೌನ್‌ಲೋಡ್ಸ್, ಅಲ್ಲಿ ಇಂಥ ಹೆಸರಿನ ವಿಡಿಯೊ, ಹೀಗೆ. ಇದಕ್ಕೇ ಲಿಂಕ್ ಅನ್ನುವುದು. ಸಮುದಾಯ ಭವನದ ಲ್ಯಾಪ್‌ಟಾಪಿನಲ್ಲಿ ನಿಮ್ಮ ಹೆಸರಿನ ಫೋಲ್ಡರೇ ಇಲ್ಲ. ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರಿನ ವಿಳಾಸಕ್ಕೆ ಕಾಗದ ಹಾಕಿದ ಹಾಗಾಯಿತು: ಬರೆದದ್ದರಲ್ಲಿ ತಪ್ಪಿಲ್ಲ, ತಲುಪಬೇಕಾದ ಜಾಗವೇ ಇಲ್ಲ.

ನಿಮ್ಮನ್ನು ದಾರಿ ತಪ್ಪಿಸಿದ್ದು ಮನೆಯಲ್ಲಿ ಮಾಡಿದ ಪರೀಕ್ಷೆ. ಸ್ಲೈಡನ್ನು ಪೆನ್‌ಡ್ರೈವ್‌ನಿಂದ ತೆರೆದಿರಿ ನಿಜ, ಆದರೆ ಅದು ವಿಡಿಯೊವನ್ನು ಎಳೆದುಕೊಂಡಿದ್ದು ನಿಮ್ಮ ಕಂಪ್ಯೂಟರಿನ ಹಳೆಯ ಜಾಗದಿಂದ. ಎಲ್ಲರೂ ಇಲ್ಲೇ ಮೋಸ ಹೋಗುತ್ತಾರೆ. ನಾನೂ ಒಮ್ಮೆ ಸಾಗರದಲ್ಲಿ ತುಂಬಿದ ಸಭೆಯ ಮುಂದೆ ಕಪ್ಪು ಚೌಕ ಇಟ್ಟುಕೊಂಡು ಕೈಸನ್ನೆಯಲ್ಲೇ ಎಲ್ಲ ವಿವರಿಸಿದ್ದೆ. ಆ ದಿನದ ಸಂಕಟ ಇನ್ನೂ ನೆನಪಿದೆ. ಅಂದಿನಿಂದ ಒಂದು ಅಭ್ಯಾಸ ಬಿಟ್ಟಿಲ್ಲ. ಸ್ಲೈಡನ್ನು ಪೆನ್‌ಡ್ರೈವ್‌ಗೆ ಹಾಕಿದ ಮೇಲೆ, ಕಂಪ್ಯೂಟರಿನಲ್ಲಿರುವ ಮೂಲ ವಿಡಿಯೊ ಫೋಲ್ಡರಿನ ಹೆಸರನ್ನು ಸ್ವಲ್ಪ ಹೊತ್ತು ಬದಲಿಸುತ್ತೇನೆ. ಕೊನೆಗೊಂದು ಅಕ್ಷರ ಸೇರಿಸಿದರೂ ಸಾಕು. ಆಮೇಲೆ ಪೆನ್‌ಡ್ರೈವ್‌ನಿಂದ ಓಡಿಸುತ್ತೇನೆ. ಆಗ ಓಡಿದರೆ ವಿಡಿಯೊ ಜೊತೆಯಲ್ಲೇ ಬಂದಿದೆ ಅಂತ ಧೈರ್ಯ.

ಇನ್ನೂ ಸುಲಭದ ಗುರುತು ಬೇಕೆಂದರೆ ಫೈಲಿನ ತೂಕ ನೋಡಿ. ಮೊಬೈಲಿನಲ್ಲಿ ಫುಲ್ ಎಚ್‌ಡಿ ಗುಣಮಟ್ಟದಲ್ಲಿ ತೆಗೆದ ವಿಡಿಯೊ ನಿಮಿಷಕ್ಕೆ 100 ಎಂಬಿ ದಾಟುವುದೂ ಉಂಟು. ಅಂಥ ಮೂರು ವಿಡಿಯೊ ಹಾಕಿಯೂ ಸ್ಲೈಡ್ ಫೈಲು 4 ಎಂಬಿ ಇದ್ದರೆ, ಒಳಗಿರುವುದು ವಿಳಾಸಗಳು ಮಾತ್ರ.

ಹೀಗೆ ಲಿಂಕ್ ಆದದ್ದು ಹೇಗೆ? ಪವರ್‌ಪಾಯಿಂಟ್ 2007 ಮತ್ತು ಅದಕ್ಕೂ ಹಳೆಯ ಆವೃತ್ತಿಗಳಲ್ಲಿ ವಿಡಿಯೊ ಯಾವಾಗಲೂ ಲಿಂಕೇ. 2010ರ ಆವೃತ್ತಿಯಿಂದ ಈಚೆಗೆ ಸುಮ್ಮನೆ 'ಇನ್ಸರ್ಟ್' ಒತ್ತಿದರೆ ವಿಡಿಯೊ ಒಳಗೇ ಸೇರುತ್ತದೆ. ಆ ಗುಂಡಿಯ ಪಕ್ಕದ ಬಾಣ ಒತ್ತಿ 'ಲಿಂಕ್ ಟು ಫೈಲ್' ಆರಿಸಿದರೆ ಮಾತ್ರ ಲಿಂಕ್ ಆಗುತ್ತದೆ. ಲಿಬ್ರೆಆಫೀಸ್ ಇಂಪ್ರೆಸ್ ಬಳಸುವವರು ಫೈಲ್ ಆರಿಸುವ ಕಿಟಕಿಯಲ್ಲೇ 'ಲಿಂಕ್' ಎಂಬ ಟಿಕ್ ಇದೆಯಾ ನೋಡಿಕೊಳ್ಳಬೇಕು.

ಸರಿಪಡಿಸುವುದು ಕಷ್ಟವಲ್ಲ. ಮೂಲ ವಿಡಿಯೊಗಳು ಇರುವ ನಿಮ್ಮ ಮನೆಯ ಕಂಪ್ಯೂಟರಿನಲ್ಲೇ ಸ್ಲೈಡ್ ತೆರೆಯಿರಿ. 'ಫೈಲ್' ಒತ್ತಿ 'ಇನ್ಫೋ'ಗೆ ಹೋದರೆ 'ಎಡಿಟ್ ಲಿಂಕ್ಸ್ ಟು ಫೈಲ್ಸ್' ಅಂತ ಕಾಣುತ್ತದೆ. ಯಾವ ವಿಡಿಯೊ ಎಲ್ಲಿಂದ ಬರುತ್ತಿದೆ ಎಂಬ ಪಟ್ಟಿ ಅಲ್ಲಿರುತ್ತದೆ. ವಿಳಾಸ ತಪ್ಪಿದ್ದರೆ 'ಚೇಂಜ್ ಸೋರ್ಸ್' ಒತ್ತಿ ಹೊಸ ಜಾಗ ತೋರಿಸಬಹುದು. ವಿಡಿಯೊವನ್ನು ಸ್ಲೈಡಿನೊಳಗೇ ತುಂಬಿಸಬೇಕೆಂದರೆ 'ಬ್ರೇಕ್ ಲಿಂಕ್'. ಹೆಸರು ಕೇಳಿ ಹೆದರಬೇಡಿ, ಅದು ವಿಡಿಯೊವನ್ನು ಅಳಿಸುವುದಿಲ್ಲ, ಒಳಗೆ ಸೇರಿಸುತ್ತದೆ. ಮಾಡುವ ಮುಂಚೆ ಫೈಲಿನ ಇನ್ನೊಂದು ಪ್ರತಿ ಇಟ್ಟುಕೊಳ್ಳಿ, ಮುಗಿದ ಮೇಲೆ ಅದರ ತೂಕ ಹೆಚ್ಚಾಗಿದೆಯಾ ನೋಡಿ.

ನಿಮ್ಮಂಥ ಮೂರ್ನಾಲ್ಕು ವಿಡಿಯೊದ ಕೆಲಸಕ್ಕೆ ಒಳಗೆ ಸೇರಿಸುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಫೈಲು ತೀರಾ ಭಾರವಾದರೆ ಅದೇ 'ಇನ್ಫೋ' ಪುಟದಲ್ಲಿ 'ಕಂಪ್ರೆಸ್ ಮೀಡಿಯಾ' ಇದೆ. 720ಪಿ ಆರಿಸಿದರೆ ಸಭಾಂಗಣದ ಪರದೆಗೆ ಧಾರಾಳ ಸಾಕು.

ವಿಡಿಯೊಗಳು ಬಹಳ ಇದ್ದರೆ, ಅಥವಾ ಪ್ರತಿ ಹಂಗಾಮಿಗೂ ಹೊಸದಾಗಿ ತೆಗೆದು ಬದಲಿಸುವವರಾದರೆ ಲಿಂಕ್ ಇಟ್ಟುಕೊಳ್ಳಿ, ಆದರೆ ಶಿಸ್ತು ಬೇಕು. ಮೊದಲು ಒಂದು ಫೋಲ್ಡರ್ ಮಾಡಿ, ವಿಡಿಯೊಗಳನ್ನು ಅದರಲ್ಲಿ ಹಾಕಿ. ಸ್ಲೈಡ್ ಫೈಲನ್ನೂ ಅಲ್ಲೇ ಸೇವ್ ಮಾಡಿ. ಇಷ್ಟಾದ ಮೇಲೆ ವಿಡಿಯೊ ಸೇರಿಸಿ. ಎರಡೂ ಅಕ್ಕಪಕ್ಕ ಇದ್ದರೆ, ಬರೆದ ವಿಳಾಸದಲ್ಲಿ ಸಿಗದಿದ್ದರೂ ಪವರ್‌ಪಾಯಿಂಟ್ ತನ್ನ ಮಗ್ಗುಲಲ್ಲೇ ಹುಡುಕಿಕೊಳ್ಳುತ್ತದೆ. ಒಯ್ಯುವಾಗ ಇಡೀ ಫೋಲ್ಡರನ್ನೇ ಒಯ್ಯಿರಿ. ಲಿಂಕ್ ಮಾಡಿದ ಮೇಲೆ ವಿಡಿಯೊದ ಹೆಸರು ಬದಲಿಸಬಾರದು. ಈಗಾಗಲೇ ಹತ್ತಾರು ಕಡೆ ಚೆಲ್ಲಿ ಹೋಗಿದ್ದರೆ, ವಿಂಡೋಸ್‌ನಲ್ಲಿ 'ಎಕ್ಸ್‌ಪೋರ್ಟ್' ಅಡಿಯಲ್ಲಿ 'ಪ್ಯಾಕೇಜ್ ಪ್ರೆಸೆಂಟೇಶನ್ ಫಾರ್ ಸಿಡಿ' ಎಂಬುದಿದೆ. ಸಿಡಿ ಬೇಕಿಲ್ಲ, 'ಕಾಪಿ ಟು ಫೋಲ್ಡರ್' ಒತ್ತಿದರೆ ಎಲ್ಲವನ್ನೂ ಒಂದೆಡೆ ಕೂಡಿಸಿ ಕೊಡುತ್ತದೆ.

ವಾಟ್ಸಾಪ್‌ನಲ್ಲಿ ಬರೀ ಸ್ಲೈಡ್ ಕಳಿಸಿದರೆ ಲಿಂಕ್ ಆದ ವಿಡಿಯೊ ಜೊತೆಗೆ ಹೋಗುವುದಿಲ್ಲ. ವಿಡಿಯೊವನ್ನೇ ಬೇರೆಯಾಗಿ ಕಳಿಸಿದರೆ ಅದು ಕುಗ್ಗುತ್ತದೆ, ಹೆಸರೂ ಬದಲಾಗಬಹುದು. 'ಡಾಕ್ಯುಮೆಂಟ್' ಆಗಿ ಕಳಿಸಿ. ಯೂಟ್ಯೂಬ್ ವಿಡಿಯೊ ಹಾಕಿದ್ದರೆ ಅದಕ್ಕೆ ಇಂಟರ್‌ನೆಟ್ ಬೇಕೇ ಬೇಕು. ಆಗುಂಬೆ, ಹೊಸನಗರ ತಾಲ್ಲೂಕಿನ ನಗರದ ಕಡೆ ಮಳೆ ಹಿಡಿದಾಗ ನೆಟ್‌ವರ್ಕ್ ನಂಬಿ ಸಭೆಗೆ ಹೋಗಬಾರದು.

ಇನ್ನೊಂದು ಕಾಯಿಲೆ ಇದನ್ನೇ ಹೋಲುತ್ತದೆ: ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ. ಇದು ಲಿಂಕಿನ ತೊಂದರೆ ಅಲ್ಲ. ಈಚಿನ ಅನೇಕ ಮೊಬೈಲುಗಳು ಎಚ್‌ಇವಿಸಿ ಎಂಬ ವಿಧಾನದಲ್ಲಿ ವಿಡಿಯೊ ಉಳಿಸುತ್ತವೆ. ಅದನ್ನು ತೋರಿಸುವ ಸೌಲಭ್ಯ ಎಲ್ಲ ವಿಂಡೋಸ್ ಕಂಪ್ಯೂಟರುಗಳಲ್ಲಿ ಇರುವುದಿಲ್ಲ. ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಎಚ್.264 ವಿಧಾನದ ಎಂಪಿ4 ಮಾಡಿಕೊಂಡರೆ ಸರಿಹೋಗುತ್ತದೆ.

ಇಷ್ಟೊಂದು ಬರೆಯಲು ಕಾರಣ ನಿಮ್ಮ ವಿಷಯ. 1 ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಬೋರ್ಡೊ ದ್ರಾವಣದ ಲೆಕ್ಕವನ್ನು ಸ್ಲೈಡಿನಲ್ಲಿ ಬರೆದು ತೋರಿಸಬಹುದು. ದ್ರಾವಣದಲ್ಲಿ ಅದ್ದಿದ ಕತ್ತಿಯ ಅಲಗಿಗೆ ಕೆಂಪು ತಾಮ್ರದ ಬಣ್ಣ ಕೂತರೆ ಸುಣ್ಣ ಇನ್ನೂ ಬೇಕು ಎಂಬುದನ್ನು ಮಾತ್ರ ಕಣ್ಣಾರೆ ನೋಡಬೇಕು. ಮುಂದಿನ ಸಭೆಗೆ ಅರ್ಧ ಗಂಟೆ ಮುಂಚೆ ಹೋಗಿ. ಪೆನ್‌ಡ್ರೈವ್‌ನಲ್ಲಿರುವುದನ್ನೆಲ್ಲ ಅಲ್ಲಿನ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿಗೆ ಇಳಿಸಿ, ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡು, ಜನ ಬರುವುದರೊಳಗೆ ಮೂರೂ ವಿಡಿಯೊ ಒಮ್ಮೆ ಓಡಿಸಿ ನೋಡಿ.